ಗದ್ದದ ಸಿಲಿಕೋನ್ ಇಂಪ್ಲಾಂಟ್ ಕೆಳಗೆ ಮೂಳೆ ಸವೆದಿದೆಯಂತೆ: ತೆಗೆಸಬೇಕೇ, ಹಾಗೇ ಬಿಡಬೇಕೇ?

ಶರಾವತಿ_ತೀರ

ಎಲ್ಲರಿಗೂ ನಮಸ್ಕಾರ. 2013ರಲ್ಲಿ ಬೆಂಗಳೂರಿನ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಮೂಗಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಮೂಗು ಚಿಕ್ಕದಾದರೆ ಸಾಲದು, ಗದ್ದವೂ ತುಸು ಮುಂದೆ ಬಂದರೆ ಮುಖಕ್ಕೆ ಒಪ್ಪವಾಗುತ್ತದೆ ಎಂದು ಅಲ್ಲಿನ ವೈದ್ಯರು ಹೇಳಿದ್ದರಿಂದ ಅದೇ ಸಲ ಗದ್ದಕ್ಕೆ ಸಿಲಿಕೋನ್ ಇಂಪ್ಲಾಂಟನ್ನೂ ಹಾಕಿಸಿಕೊಂಡೆ. ಕೆಳತುಟಿಗೂ ಒಸಡಿಗೂ ನಡುವೆ, ಬಾಯಿಯ ಒಳಗಿನಿಂದಲೇ ಕೊಯ್ದು ಹಾಕಿದ್ದರು. ಹೊರಗೆ ಯಾವ ಕಲೆಯೂ ಇಲ್ಲ. ಇಷ್ಟು ವರ್ಷ ತೊಂದರೆಯಿರಲಿಲ್ಲ, ಮುಖ ನೋಡಿಕೊಂಡರೆ ಸಮಾಧಾನವೇ ಇತ್ತು.

ಕಳೆದ ಬೇಸಿಗೆಯಿಂದ ಕೆಳಗಿನ ಬಾಚಿಹಲ್ಲುಗಳಿಗೆ ತಣ್ಣೀರು ತಗುಲಿದರೆ ಜುಮ್ಮೆನ್ನುತ್ತದೆ. ಕೆಳತುಟಿಯ ಎಡಭಾಗ ಆಗಾಗ ಜೋಮು ಹಿಡಿದಂತಾಗುತ್ತದೆ. ತುಟಿಯ ಒಳಗೆ ನಾಲಗೆಯಾಡಿಸಿದರೆ, ಮೊದಲು ಸಿಗದಿದ್ದ ಒಂದು ಗಟ್ಟಿ ಅಂಚು ಸಿಗುತ್ತದೆ. ಶಿವಮೊಗ್ಗದ ದಂತವೈದ್ಯರು ಓಪಿಜಿ (ಇಡೀ ದವಡೆ ಒಂದೇ ಚಿತ್ರದಲ್ಲಿ ಕಾಣುವ) ಎಕ್ಸ್-ರೇ ತೆಗೆಸಿ ನೋಡಿ, ಇಂಪ್ಲಾಂಟಿನ ಹಿಂದೆ ಮೂಳೆ ಗುಳಿ ಬಿದ್ದಂತೆ ಕಾಣುತ್ತಿದೆ, ಹಾಕಿದವರನ್ನೇ ಕೇಳಿ ಎಂದರು. ಆ ಕ್ಲಿನಿಕ್ ಈಗ ಆ ಜಾಗದಲ್ಲಿ ಇಲ್ಲ.

ಈ ಸವೆತ ಹೀಗೇ ಮುಂದುವರಿಯುತ್ತದೆಯೇ? ತೆಗೆಸಿದರೆ ಮೂಳೆ ಮತ್ತೆ ತುಂಬಿಕೊಳ್ಳುತ್ತದೆಯೇ? ಇಷ್ಟು ವರ್ಷ ಹಿಗ್ಗಿದ ಚರ್ಮದ ಗತಿಯೇನು? ಅನುಭವವಿರುವವರು, ತಿಳಿದವರು ದಯವಿಟ್ಟು ಬರೆಯಿರಿ.

ಕೋಟೆಬೀದಿ

ನನ್ನ ತಂಗಿಗೂ ಇದೇ ಪ್ರಶ್ನೆಯಿದೆ. ಉತ್ತರಗಳಿಗಾಗಿ ಕಾಯುತ್ತಿದ್ದೇನೆ.

ದಂತಬಂಧು

ನಾನು ಧಾರವಾಡದಲ್ಲಿ ದಂತವೈದ್ಯ. ಇಂಪ್ಲಾಂಟ್ ಹಾಕುವುದು, ತೆಗೆಯುವುದು ನನ್ನ ಕೆಲಸವಲ್ಲ. ಹಲ್ಲು ಮತ್ತು ಮೂಳೆಯ ಮಟ್ಟಿಗೆ ಹೇಳುತ್ತೇನೆ.

ಮೊದಲನೆಯದಾಗಿ, ಓಪಿಜಿಯೊಂದನ್ನೇ ನೋಡಿ ಯಾವ ನಿರ್ಧಾರಕ್ಕೂ ಬರಬೇಡಿ. ದವಡೆಯ ಎರಡೂ ಪಕ್ಕಗಳನ್ನು ತೋರಿಸುವುದರಲ್ಲಿ ಅದು ಒಳ್ಳೆಯ ಚಿತ್ರವೇ, ಆದರೆ ನಟ್ಟನಡುವಿನ ಗದ್ದದ ಭಾಗದ ಮೇಲೆ ಕುತ್ತಿಗೆಯ ಬೆನ್ನುಮೂಳೆಯ ನೆರಳು ಬಿದ್ದು ಅಲ್ಲಿ ಮಸುಕಾಗಿರುತ್ತದೆ. ಪಕ್ಕದಿಂದ ತೆಗೆಯುವ ತಲೆಯ ಎಕ್ಸ್-ರೇ, ಅಂದರೆ ಸೆಫಲೋಗ್ರಾಮ್‌ನಲ್ಲಿ ಗುಳಿಯ ಆಕಾರ ಅಂಚಿನಲ್ಲೇ ಸ್ಪಷ್ಟವಾಗಿ ಕಾಣುತ್ತದೆ. ಗುಳಿ ಎಷ್ಟು ಆಳ, ಹಲ್ಲಿನ ಬೇರಿಗೂ ಅದಕ್ಕೂ ನಡುವೆ ಎಷ್ಟು ಮೂಳೆ ಉಳಿದಿದೆ, ಇಂಪ್ಲಾಂಟಿನ ರೆಕ್ಕೆ (ಪಕ್ಕಕ್ಕೆ ಚಾಚಿದ ತುದಿ) ಕೆಳತುಟಿಯ ನರ ಮೂಳೆಯಿಂದ ಹೊರಬರುವ ರಂಧ್ರದ ಹತ್ತಿರ ಇದೆಯೇ ಎಂಬುದೆಲ್ಲ ತಿಳಿಯಬೇಕಾದರೆ ಮೂಳೆಯನ್ನು ಮೂರು ಆಯಾಮಗಳಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಬೇಕು. ನಿಮ್ಮ ಮೂರೂ ಪ್ರಶ್ನೆಗಳ ಉತ್ತರ ಆ ಚಿತ್ರದ ಮೇಲೆ ನಿಂತಿದೆ.

ಎರಡನೆಯದಾಗಿ, ಜುಮ್ಮೆನ್ನುವುದಕ್ಕೆಲ್ಲ ಇಂಪ್ಲಾಂಟೇ ಕಾರಣವೆಂದು ಈಗಲೇ ತೀರ್ಮಾನಿಸಬೇಡಿ. ಕೆಳಗಿನ ಬಾಚಿಹಲ್ಲುಗಳ ಒಸಡು ಇಳಿದಿದ್ದರೂ, ಬ್ರಷ್ ಒತ್ತಿ ಉಜ್ಜಿ ಬುಡ ಸವೆದಿದ್ದರೂ ತಣ್ಣೀರಿಗೆ ಹೀಗೇ ಆಗುತ್ತದೆ. ಒಂದೊಂದು ಹಲ್ಲಿಗೂ ಜೀವವಿದೆಯೇ ಎಂದು ತಣ್ಣನೆಯ ಪರೀಕ್ಷೆ ಮತ್ತು ವಿದ್ಯುತ್ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಬರೆಸಿಟ್ಟುಕೊಳ್ಳಿ. ತೆಗೆಸುವ ನಿರ್ಧಾರವಾದರೆ, ಶಸ್ತ್ರಚಿಕಿತ್ಸೆಗೆ ಮುಂಚೆ ಹಲ್ಲುಗಳು ಹೇಗಿದ್ದವು ಎಂಬುದಕ್ಕೆ ಅದೇ ದಾಖಲೆ.

ಇನ್ನು ಸವೆತದ ವಿಚಾರ. ಇದು ಹೊಸದಾಗಿ ಕಂಡುಬಂದದ್ದಲ್ಲ. 1969ರಲ್ಲೇ ಅಮೆರಿಕದ ರಾಬಿನ್ಸನ್ ಮತ್ತು ಶುಕೆನ್ ಗದ್ದದ ಪ್ಲಾಸ್ಟಿಕ್ ಇಂಪ್ಲಾಂಟುಗಳ ಕೆಳಗೆ ಮೂಳೆ ಕರಗುವುದನ್ನು ವರದಿ ಮಾಡಿದ್ದರು. ಇಂಪ್ಲಾಂಟಿನ ಹಿಂದೆ ಮೂಳೆ, ಮುಂದೆ ಮೆಂಟಾಲಿಸ್ ಎಂಬ ಸ್ನಾಯು. ತುಟಿ ಮುಚ್ಚಿದಾಗ, ಮಾತಾಡಿದಾಗ, ನೀರು ಕುಡಿದಾಗ ಆ ಸ್ನಾಯು ಇಂಪ್ಲಾಂಟನ್ನು ಮೂಳೆಗೆ ಒತ್ತುತ್ತಲೇ ಇರುತ್ತದೆ, ಬಿಡುವಿಲ್ಲದ ಒತ್ತಡಕ್ಕೆ ಮೂಳೆ ಜಾಗ ಬಿಟ್ಟುಕೊಡುತ್ತದೆ. ಇಂಪ್ಲಾಂಟ್ ದವಡೆಯ ಕೆಳ ಅಂಚಿನ ದಪ್ಪ ಮೂಳೆಯ ಮೇಲೆ ಕೂತಿದ್ದರೆ ಸವೆತ ಕಡಿಮೆ, ಬಹುಪಾಲು ಜನರಲ್ಲಿ ಮೊದಲ ವರ್ಷದೊಳಗೆ ಅದು ನಿಂತೂ ಹೋಗುತ್ತದೆ. ಮೇಲಕ್ಕೆ ಸರಿದು ಹಲ್ಲಿನ ಬೇರುಗಳ ಮುಂದಿನ ತೆಳು ಮೂಳೆಯ ಮೇಲೆ ಕೂತರೆ ಮಾತು ಬೇರೆ. ನಿಮ್ಮ ನಾಲಗೆಗೆ ಅಂಚು ಸಿಗುತ್ತಿದೆ ಎಂಬ ಮಾತೇ ನನಗೆ ಮುಖ್ಯವಾಗಿ ಕಂಡಿತು.

ಬಿಸಿಲೂರು

ಇಷ್ಟೆಲ್ಲ ಪರೀಕ್ಷೆ ಯಾಕೆ? ಸಿಲಿಕೋನ್ ದೇಹಕ್ಕೆ ವಿಷ. ಅಮೆರಿಕದಲ್ಲೇ ಅದನ್ನು ನಿಷೇಧಿಸಿದ್ದರು. ಅಕ್ಕ, ನಾಳೆಯೇ ಹೋಗಿ ತೆಗೆಸಿಬಿಡಿ, ಮೈಯೊಳಗೆ ಸೋರಿದರೆ ಆಮೇಲೆ ಯಾರೂ ಏನೂ ಮಾಡಲಾಗುವುದಿಲ್ಲ.

ದವಡೆ_ಶಸ್ತ್ರತಜ್ಞ

ಬಿಸಿಲೂರು ಅವರೇ, ಭಯಪಟ್ಟು ಕೂತಿರುವವರಿಗೆ ಇಂಥ ಅರ್ಧ ಮಾಹಿತಿ ಕೊಡಬೇಡಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1992ರಲ್ಲಿ ತಡೆ ಹಾಕಿದ್ದು ಜೆಲ್ ತುಂಬಿದ ಸ್ತನ ಇಂಪ್ಲಾಂಟುಗಳಿಗೆ. 2006ರಲ್ಲಿ ಅವುಗಳಿಗೂ ಮತ್ತೆ ಅನುಮತಿ ಸಿಕ್ಕಿತು. ಗದ್ದಕ್ಕೆ ಹಾಕುವುದು ಒಳಗೂ ಹೊರಗೂ ಒಂದೇ ಸಮನಾದ ಗಟ್ಟಿ ಸಿಲಿಕೋನ್ ರಬ್ಬರು. ಅದರೊಳಗೆ ಸೋರುವಂಥದ್ದು ಏನೂ ಇಲ್ಲ.

ಗದ್ದದ ಇಂಪ್ಲಾಂಟಿನಲ್ಲಿ ವರ್ಷಗಳ ನಂತರ ಬರುವ ತೊಂದರೆಗಳೇ ಬೇರೆ. ಜಾಗ ಬದಲಿಸುವುದು, ಓರೆಯಾಗುವುದು, ಮೂಳೆ ಸವೆಯುವುದು, ನರದ ಮೇಲೆ ಒತ್ತಡ, ಅಪರೂಪಕ್ಕೆ ತಡವಾಗಿ ಬರುವ ಸೋಂಕು. ಪಕ್ಕದ ಹಲ್ಲಿನ ಬೇರಿನಲ್ಲಿ ಕೀವಾದರೂ ಅದು ಇಂಪ್ಲಾಂಟಿಗೆ ತಗುಲಬಹುದು. ಒಮ್ಮೆ ಸೋಂಕು ಮೇಲ್ಮೈಯನ್ನು ಹಿಡಿದರೆ ರೋಗಾಣುಗಳು ಪದರ ಕಟ್ಟಿಕೊಂಡು ಕೂರುವುದರಿಂದ ಬರೀ ಆಂಟಿಬಯಾಟಿಕ್‌ನಿಂದ ವಾಸಿಯಾಗುವುದು ಕಷ್ಟ. ಸಾಮಾನ್ಯವಾಗಿ ತೆಗೆಯಬೇಕಾಗುತ್ತದೆ, ಮತ್ತೆ ಹಾಕುವುದಿದ್ದರೆ ಕೆಲವು ತಿಂಗಳು ಕಾಯಬೇಕಾಗುತ್ತದೆ. ಶರಾವತಿ_ತೀರ ಅವರು ಬರೆದದ್ದರಲ್ಲಿ ಊತ, ಕೆಂಪು, ಜ್ವರ, ಕೀವು ಯಾವುದೂ ಇಲ್ಲ. ನಾಳೆಯೇ ಓಡಬೇಕಾದ ಸ್ಥಿತಿ ಇದಲ್ಲ. ಹಾಗೆಂದು ವರ್ಷಗಟ್ಟಲೆ ಮುಂದೂಡುವ ವಿಷಯವೂ ಅಲ್ಲ, ಯಾಕೆಂದರೆ ತುಟಿಯ ಜೋಮು ಹೊಸದಾಗಿ ಬಂದಿದೆ. ನರದ ಮೇಲಿನ ಒತ್ತಡವನ್ನು ಎಷ್ಟು ಬೇಗ ತೆಗೆದರೆ ಸ್ಪರ್ಶ ಮರಳುವ ಸಾಧ್ಯತೆ ಅಷ್ಟು ಹೆಚ್ಚು.

ಮೈಸೂರು_ಓದುಗ

ನನ್ನ ವಯಸ್ಸು ಅರವತ್ತು ಸಮೀಪಿಸಿದೆ. 1990ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿದ್ದಾಗ ಗದ್ದಕ್ಕೆ ಸಿಲಿಕೋನ್ ಹಾಕಿಸಿಕೊಂಡಿದ್ದೇನೆ, ಇವತ್ತಿಗೂ ಇದೆ. ನನಗೆ ಗದ್ದದ ಅಡಿಯಲ್ಲಿ, ಹೊರಗಿನಿಂದ ಕೊಯ್ದು ಹಾಕಿದ್ದರು. ಕೆಲವು ವರ್ಷಗಳ ಹಿಂದೆ ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗ ಅದರ ಹಿಂದೆ ಸಣ್ಣ ತಗ್ಗು ಕಂಡಿತು. ಹಲ್ಲಿನ ಬೇರುಗಳಿಂದ ದೂರವಿದೆ, ಇಂಪ್ಲಾಂಟೇ ಆ ತಗ್ಗಿನಲ್ಲಿ ಭದ್ರವಾಗಿ ಕೂತಿದೆ, ಮುಟ್ಟಲು ಹೋಗಬೇಡಿ ಎಂದು ವೈದ್ಯರು ಹೇಳಿದರು. ಮತ್ತೆ ತೆಗೆಸಿದ ಸ್ಕ್ಯಾನಿನಲ್ಲಿ ತಗ್ಗು ಅಷ್ಟೇ ಇತ್ತು.

ಸವೆತ ಎಂಬ ಪದ ಕೇಳಿದ ಕೂಡಲೇ ದವಡೆ ಮುರಿದೇ ಹೋಗುತ್ತದೆ ಎಂಬಂತೆ ಜನ ಮಾತಾಡುವುದು ಸರಿಯಲ್ಲ. ಹೊರಗಿನಿಂದ ಹಾಕಿಸಿಕೊಂಡು ನನ್ನಂತೆ ನೆಮ್ಮದಿಯಾಗಿರುವವರು ಬಹಳ ಜನ ಇರಬಹುದು. ತೊಂದರೆ ಇಲ್ಲದವರು ಇಂಥ ಚರ್ಚೆಗಳಿಗೆ ಬಂದು ಬರೆಯುವುದಿಲ್ಲ, ಅಷ್ಟೆ.

ನೇತ್ರಾವತಿ_ದಡ

ಹಿರಿಯರು ಹೇಳಿದ್ದು ಅವರ ಮಟ್ಟಿಗೆ ನಿಜವಿರಬಹುದು. ತೆಗೆಸಿಕೊಂಡವಳಾಗಿ ನಾನು ಇನ್ನೊಂದು ಬದಿಯನ್ನು ಬರೆಯುತ್ತೇನೆ, ಏಕೆಂದರೆ ತೆಗೆದುಬಿಟ್ಟರೆ ಮುಖ ಹಿಂದಿನಂತಾಗುತ್ತದೆ ಎಂದುಕೊಂಡೇ ಎಷ್ಟೋ ಜನ ಆಪರೇಷನ್ ಟೇಬಲ್ ಹತ್ತುತ್ತಾರೆ.

ನನಗೆ ಹಾಕಿದ್ದು ಅಳತೆಗಿಂತ ದೊಡ್ಡದಾಗಿತ್ತು. ನಕ್ಕಾಗ ಗದ್ದದ ಎರಡೂ ಪಕ್ಕ ರೆಕ್ಕೆಯ ಅಂಚು ಎದ್ದು ಕಾಣುತ್ತಿತ್ತು. ಕೆಲವು ವರ್ಷ ಸಹಿಸಿಕೊಂಡು, ಮಂಗಳೂರಿನಲ್ಲಿ ತೆಗೆಸಿದೆ. ತೆಗೆಯುವುದೇನೋ ಸಲೀಸಾಗಿಯೇ ಆಯಿತು. ಸಿಲಿಕೋನ್ ಸುತ್ತ ದೇಹವೇ ಒಂದು ತೆಳ್ಳನೆಯ ಕವಚ ಕಟ್ಟಿಕೊಂಡಿರುತ್ತದೆ, ಅದನ್ನು ಕೊಯ್ದರೆ ಇಂಪ್ಲಾಂಟ್ ಜಾರಿ ಹೊರಗೆ ಬರುತ್ತದೆ ಎಂದು ವೈದ್ಯರು ಮೊದಲೇ ವಿವರಿಸಿದ್ದರು. ಊತವಿರುವ ತನಕ ಮುಖ ತುಂಬಿಕೊಂಡಂತೆ ಚೆನ್ನಾಗಿಯೇ ಇತ್ತು. ಊತ ಇಳಿದ ಮೇಲೆ ನಿಜ ಸ್ಥಿತಿ ಗೊತ್ತಾಯಿತು. ದಿಂಬು ತೆಗೆದ ಮೇಲೆ ಗವುಸು ಉಳಿಯುವಂತೆ ಹಿಗ್ಗಿದ ಚರ್ಮವೂ ಸ್ನಾಯುವೂ ಹಾಗೇ ಉಳಿದು ಗದ್ದದ ತುದಿ ಕೆಳಕ್ಕೆ ಜೋತುಬಿತ್ತು. ತುಟಿ ಮುಚ್ಚಲು ಪ್ರಯತ್ನಪಡಬೇಕಾಗುತ್ತಿತ್ತು, ಮುಚ್ಚಿದಾಗ ಗದ್ದದ ಮೇಲೆಲ್ಲ ಸಣ್ಣ ಸಣ್ಣ ಗುಳಿಗಳು ಏಳುತ್ತಿದ್ದವು. ಸುಮ್ಮನೆ ಕೂತಿದ್ದರೂ ಕೆಳಗಿನ ಹಲ್ಲುಗಳು ಕಾಣುತ್ತಿದ್ದವು. ಫೋಟೋ ಎಂದರೆ ದೂರ ಹೋಗುತ್ತಿದ್ದೆ.

ಆಮೇಲೆ ಇನ್ನೊಬ್ಬ ವೈದ್ಯರು ನೋಡಿ ಹೇಳಿದ್ದೇನೆಂದರೆ, ಬಾಯಿಯೊಳಗಿನಿಂದ ಕೊಯ್ದಾಗ ಮೆಂಟಾಲಿಸ್ ಸ್ನಾಯುವನ್ನು ಮೂಳೆಯಿಂದ ಬಿಡಿಸುತ್ತಾರೆ, ಮುಚ್ಚುವಾಗ ಅದನ್ನು ಮತ್ತೆ ಮೇಲಕ್ಕೆತ್ತಿ ಅದರ ಜಾಗಕ್ಕೆ ಹೊಲಿಯದಿದ್ದರೆ ಅದು ಕೆಳಗೆ ಇಳಿದೇ ಅಂಟಿಕೊಳ್ಳುತ್ತದೆ. ನನಗೆ ಹಾಕುವಾಗಲೂ ತೆಗೆಯುವಾಗಲೂ ಬಾಯಿಯೊಳಗಿನಿಂದಲೇ ಕೊಯ್ದಿದ್ದರು. ಕೊನೆಗೆ ನನ್ನದೇ ಮೂಳೆಯನ್ನು ಕತ್ತರಿಸಿ ಮುಂದಕ್ಕೆ ಸರಿಸುವ ಜೀನಿಯೋಪ್ಲಾಸ್ಟಿ ಮಾಡಿ, ಸ್ನಾಯುವನ್ನು ಎತ್ತಿ ಹೊಲಿದರು. ತುಟಿ ಈಗ ತಾನಾಗಿ ಮುಚ್ಚುತ್ತದೆ. ಗದ್ದದ ಒಂದು ಬದಿಯಲ್ಲಿ ಸ್ಪರ್ಶ ಇನ್ನೂ ಪೂರ್ತಿ ಬಂದಿಲ್ಲ.

ಶರಾವತಿಯವರೇ, ತೆಗೆಸುವುದಾದರೆ ತೆಗೆದ ಜಾಗಕ್ಕೆ ಏನು ಮಾಡುತ್ತೀರಿ, ಸ್ನಾಯುವನ್ನು ಹೇಗೆ ಹೊಲಿಯುತ್ತೀರಿ ಎಂದು ಮೊದಲೇ ಕೇಳಿ. ಉತ್ತರ ಹಾರಿಕೆಯದಾಗಿದ್ದರೆ ಎದ್ದು ಬನ್ನಿ.

ಚಂದ್ರದ್ರೋಣ

ಮೈಸೂರು_ಓದುಗರೇ, ತಮ್ಮ ಮಾತಿನ ಬಗ್ಗೆ ಗೌರವವಿದೆ, ಆದರೆ ನನಗೆ ತೊಂದರೆಯಾಗಿಲ್ಲ ಎಂಬುದು ಇನ್ನೊಬ್ಬರಿಗೆ ಆಧಾರವಾಗುವುದಿಲ್ಲ. ನನ್ನ ಸೋದರತ್ತೆಯ ಮಗಳಿಗೆ ಸವೆತ ಬೇರಿನ ತನಕ ಹೋಗಿ ಎರಡು ಬಾಚಿಹಲ್ಲುಗಳಿಗೆ ರೂಟ್ ಕೆನಾಲ್ ಮಾಡಿಸಬೇಕಾಯಿತು. ಅಲ್ಲಿಯವರೆಗೂ ಅವಳಿಗೂ ಎಲ್ಲರೂ ಏನೂ ಆಗುವುದಿಲ್ಲ, ಬಿಡು ಎಂದೇ ಹೇಳಿದ್ದರು.

ಮೈಸೂರು_ಓದುಗ

ನಾನು ಬಿಡಿ ಎಂದು ಎಲ್ಲರಿಗೂ ಹೇಳಿಲ್ಲ. ಸರಿಯಾದ ಜಾಗದಲ್ಲಿ ಕೂತಿದ್ದು, ತೊಂದರೆ ಕೊಡದಿದ್ದರೆ, ಎಕ್ಸ್-ರೇಯಲ್ಲಿ ತಗ್ಗು ಕಂಡಿತೆಂಬ ಒಂದೇ ಕಾರಣಕ್ಕೆ ಕಿತ್ತುಹಾಕಬೇಡಿ ಎಂದೆ. ನೇತ್ರಾವತಿಯವರು ಬರೆದದ್ದನ್ನು ಓದಿದ ಮೇಲೆ ಆ ಮಾತು ಇನ್ನೂ ಗಟ್ಟಿಯಾಗಿದೆ.

ದಂತಬಂಧು

ಇಬ್ಬರ ಮಾತಿನಲ್ಲೂ ಹುರುಳಿದೆ. ಹಿರಿಯರ ಇಂಪ್ಲಾಂಟ್ ಕೆಳ ಅಂಚಿನಲ್ಲಿದೆ, ಚಂದ್ರದ್ರೋಣರ ಬಂಧುವಿನದು ಬಹುಶಃ ಬೇರುಗಳ ಎದುರಿಗಿತ್ತು. ಬಾಯಿಯೊಳಗಿನಿಂದ ಹಾಕಿದಾಗ ಮೇಲಕ್ಕೆ ಸರಿಯುವ ಸಾಧ್ಯತೆ ಹೆಚ್ಚು, ಕೊಯ್ದ ದಾರಿಯೇ ಮೇಲಿರುವುದರಿಂದ. ಅಡಿಯಿಂದ ಹಾಕಿದರೆ ಸಣ್ಣ ಕಲೆ ಉಳಿಯುತ್ತದೆ, ಆದರೆ ಇಂಪ್ಲಾಂಟನ್ನು ಕೆಳ ಅಂಚಿಗೇ ಹೊಂದಿಸಿ ಕೂರಿಸಲು ಅನುಕೂಲ, ಬಾಯಿಯ ಎಂಜಲೂ ತಾಗುವುದಿಲ್ಲ. ಇಂಪ್ಲಾಂಟ್ ಇರುವವರು ಯಾವ ದಂತವೈದ್ಯರ ಬಳಿ ಹೋದರೂ ಮೊದಲೇ ಹೇಳಿಬಿಡಿ. ಕೆಳಗಿನ ಮುಂಭಾಗದ ಹಲ್ಲಿಗೆ ನಾವು ಮರಗಟ್ಟಿಸುವ ಚುಚ್ಚುಮದ್ದು ಕೊಡುವ ಜಾಗ ಅದರ ರೆಕ್ಕೆಯ ಪಕ್ಕದಲ್ಲೇ ಇರುತ್ತದೆ.

ಗಲ್ಫ್_ಕನ್ನಡಿಗ

ಇಲ್ಲಿ ಎಲ್ಲರೂ ಸಿಲಿಕೋನ್ ಬಗ್ಗೆಯೇ ಬರೆಯುತ್ತಿದ್ದೀರಿ. ನನಗೆ ದುಬೈನಲ್ಲಿ ಹಾಕಿದ್ದು ಮೆಡ್‌ಪೋರ್ ಎಂಬ, ಸಣ್ಣ ಸಣ್ಣ ರಂಧ್ರಗಳಿರುವ ಪಾಲಿಎಥಿಲೀನ್. ಆ ರಂಧ್ರಗಳೊಳಗೆ ನಮ್ಮದೇ ಮಾಂಸ, ರಕ್ತನಾಳ ಬೆಳೆದುಕೊಂಡು ಅದು ದೇಹಕ್ಕೆ ಒಗ್ಗುತ್ತದೆ, ಜಾರುವುದಿಲ್ಲ ಎಂದು ಹೇಳಿ ಹಾಕಿದರು. ಅದು ನಿಜವೇ. ಆದರೆ ಓರೆಯಾಗಿದೆ ಎಂದು ತೆಗೆಸಲು ಹೋದಾಗ ಅದೇ ಗುಣ ಮುಳುವಾಯಿತು. ಸುತ್ತಲಿನ ಮಾಂಸದಿಂದ ಬಿಡಿಸಿ ಬಿಡಿಸಿ, ತುಂಡು ತುಂಡಾಗಿ ತೆಗೆದರು. ಗದ್ದ ಬಹಳ ಕಾಲ ಮರಗಟ್ಟಿದಂತಿತ್ತು.

ಆದ್ದರಿಂದ ನಿಮ್ಮೊಳಗೆ ಇರುವುದು ಯಾವ ವಸ್ತು, ಸ್ಕ್ರೂ ಹಾಕಿದ್ದಾರೆಯೇ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಸಿಲಿಕೋನ್ ಎಂದು ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ ತೆಗೆಯಲು ಹೊರಟರೆ ಶಸ್ತ್ರಚಿಕಿತ್ಸಕರಿಗೂ ಕಷ್ಟ.

ಶರಾವತಿ_ತೀರ

ಎಲ್ಲರಿಗೂ ಧನ್ಯವಾದ. ನನ್ನ ಬಳಿ ಡಿಸ್ಚಾರ್ಜ್ ಸಾರಾಂಶದ ಒಂದು ಹಾಳೆ ಮಾತ್ರ ಇದೆ, ಅದರಲ್ಲಿ "ಚಿನ್ ಇಂಪ್ಲಾಂಟ್" ಎಂದಷ್ಟೇ ಬರೆದಿದೆ. ಕಂಪನಿ, ಅಳತೆ, ಯಾವುದೂ ಇಲ್ಲ. ಕ್ಲಿನಿಕ್ ಮುಚ್ಚಿರುವಾಗ ದಾಖಲೆ ಪಡೆಯುವ ದಾರಿಯಿದೆಯೇ?

ವಕೀಲರ_ಕಟ್ಟೆ

ಮೇಡಂ, ದಾಖಲೆಯ ಮಟ್ಟಿಗೆ ಕಾನೂನು ಇಷ್ಟು ಹೇಳುತ್ತದೆ. 2002ರ ವೈದ್ಯಕೀಯ ವೃತ್ತಿ ನಡತೆಯ ನಿಯಮಗಳ ಪ್ರಕಾರ ವೈದ್ಯರು ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಇಟ್ಟಿರಬೇಕು. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ನಿಮ್ಮ ವಿಷಯದಲ್ಲಿ ಆ ಅವಧಿ ಎಂದೋ ಮುಗಿದಿದೆ. ಹಾಗಿದ್ದರೂ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಇನ್ನೆಲ್ಲಾದರೂ ವೃತ್ತಿಯಲ್ಲಿದ್ದರೆ ಅವರಿಗೇ ಒಂದು ಪತ್ರ ಬರೆಯಿರಿ. ಅನೇಕರು ಹಳೆಯ ಆಪರೇಷನ್ ನೋಟ್ ಇಟ್ಟುಕೊಂಡಿರುತ್ತಾರೆ, ಮರ್ಯಾದೆಯಿಂದ ಕೇಳಿದರೆ ಕೊಡುತ್ತಾರೆ. ಹೊಸದಾಗಿ ಹಾಕಿಸಿಕೊಳ್ಳುವವರು ಇಂಪ್ಲಾಂಟ್ ಪೊಟ್ಟಣದ ಮೇಲಿನ ಸ್ಟಿಕ್ಕರನ್ನು ತಮ್ಮ ಫೈಲಿಗೆ ಅಂಟಿಸಿಕೊಡಿ ಎಂದು ಅದೇ ದಿನ ಕೇಳಿ ಪಡೆಯಬೇಕು.

ದೂರು ಕೊಡುವ ಯೋಚನೆಯಿದ್ದರೆ, ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪು ಕೊಟ್ಟಿದೆ. ದೂರಿಗೆ ಕಾಲಮಿತಿ ಕಾರಣ ಹುಟ್ಟಿದ ದಿನದಿಂದ 2 ವರ್ಷ. ಒಳಗೆ ಮರೆಯಾಗಿದ್ದ ತೊಂದರೆ ತಡವಾಗಿ ಗೊತ್ತಾದಾಗ ಆ ದಿನ ಯಾವುದು ಎಂಬುದು ವಾದಕ್ಕೆ ಬಿಟ್ಟ ವಿಷಯ, ಆದ್ದರಿಂದ ಸ್ಕ್ಯಾನ್ ವರದಿ ಕೈಗೆ ಬಂದ ಮೇಲೆ ತಡಮಾಡಬೇಡಿ. ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಸವೆತ ತಿಳಿದಿರುವ ಅಡ್ಡಪರಿಣಾಮವಾದ್ದರಿಂದ ಸವೆದಿದೆ ಎಂಬುದೇ ನಿರ್ಲಕ್ಷ್ಯಕ್ಕೆ ಪುರಾವೆಯಾಗದು. ಆ ಸಾಧ್ಯತೆಯನ್ನು ಒಪ್ಪಿಗೆ ಪತ್ರದಲ್ಲಿ ತಿಳಿಸಿದ್ದರೇ, ಇಂಪ್ಲಾಂಟನ್ನು ಇಡಬೇಕಾದ ಜಾಗದಲ್ಲಿ ಇಟ್ಟಿದ್ದರೇ ಎಂಬುದೇ ಪ್ರಶ್ನೆ.

ಕೋಟೆಬೀದಿ

ತೆಗೆಸುವ ಖರ್ಚು ಆರೋಗ್ಯ ವಿಮೆಯಲ್ಲಿ ಸಿಗುತ್ತದೆಯೇ?

ವಕೀಲರ_ಕಟ್ಟೆ

ರೂಪ ಬದಲಿಸುವ ಚಿಕಿತ್ಸೆಯನ್ನು ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ವಿಮಾ ಪ್ರಾಧಿಕಾರವೇ ಆ ಷರತ್ತಿನ ಮಾತುಗಳನ್ನು ಗೊತ್ತುಪಡಿಸಿದೆ. ಅದೇ ಷರತ್ತಿನಲ್ಲಿ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುಜೋಡಣೆಗೂ, ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯವಿದೆ ಎಂದು ಚಿಕಿತ್ಸೆ ನೀಡುವ ವೈದ್ಯರು ಪ್ರಮಾಣೀಕರಿಸಿದ ಚಿಕಿತ್ಸೆಗೂ ವಿನಾಯಿತಿ ಇದೆ. ಸೋಂಕಾಗಿ ಕೀವು ತುಂಬಿದ್ದರೆ ಕೇಳಿ ನೋಡಬಹುದು. ಆಕಾರ ಹಿಡಿಸಲಿಲ್ಲವೆಂದು ತೆಗೆಸುವುದಕ್ಕೆ ಸಿಗುವುದಿಲ್ಲ.

ಕಾವೇರಿ_ಕಣಿವೆ

ನನ್ನ ಮಗನಿಗೆ ಹತ್ತೊಂಬತ್ತು. ಗದ್ದ ಚಿಕ್ಕದು ಎಂದು ವಿಡಿಯೋ ಕರೆಗಳಲ್ಲಿ ಮುಖ ತೋರಿಸುವುದೇ ಇಲ್ಲ. ಇಂಪ್ಲಾಂಟ್ ಬೇಕೇ ಬೇಕು ಎನ್ನುತ್ತಾನೆ. ಇದನ್ನೆಲ್ಲ ಓದಿ ಭಯವಾಯಿತು. ಗದ್ದ ತುಂಬಿಕೊಳ್ಳುವಂತೆ ಚುಚ್ಚಿ ಹಾಕುವ ಫಿಲ್ಲರ್ ಹಾಕಿಸಿದರೆ ಈ ಸವೆತದ ತೊಂದರೆ ಇರುವುದಿಲ್ಲವಲ್ಲವೇ?

ದವಡೆ_ಶಸ್ತ್ರತಜ್ಞ

ತಾಯಿ, ಈ ವಿಡಿಯೋ ಕರೆಯ ಕಾರಣ ಹಳೆಯದೇ. 2011ರಲ್ಲಿ ಅಮೆರಿಕದಲ್ಲಿ ಗದ್ದದ ಶಸ್ತ್ರಚಿಕಿತ್ಸೆ ಒಂದೇ ವರ್ಷಕ್ಕೆ ಶೇ. 71ರಷ್ಟು ಏರಿ 20,680 ತಲುಪಿದೆ ಎಂದು ಅಲ್ಲಿನ ಪ್ಲಾಸ್ಟಿಕ್ ಸರ್ಜನ್ನರ ಸಂಘ ಪ್ರಕಟಿಸಿದಾಗಲೂ ಪರದೆಯ ಮೇಲೆ ತಮ್ಮ ಮುಖ ತಾವೇ ನೋಡಿಕೊಳ್ಳುವುದನ್ನು ಒಂದು ಕಾರಣವಾಗಿ ಹೇಳಿದ್ದರು. ಆಗ ಹಾಕಿಸಿಕೊಂಡವರಿಗೆಲ್ಲ ಈಗ ದಶಕ ಕಳೆದಿದೆ, ತೆಗೆಸುವ ಪ್ರಶ್ನೆಗಳು ಈಗ ಹೆಚ್ಚಾಗಿ ಬರುವುದು ಸಹಜ.

ನಿಮ್ಮ ಮಗನ ಕಚ್ಚುವಿಕೆಯನ್ನು, ಅಂದರೆ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಕೂಡುವ ರೀತಿಯನ್ನು, ಮೊದಲು ಹಲ್ಲು ಜೋಡಿಸುವ ತಜ್ಞರಿಗೆ ತೋರಿಸಿ. ಗದ್ದದ ತುದಿ ಮಾತ್ರ ಚಿಕ್ಕದೋ, ಅಥವಾ ಇಡೀ ಕೆಳದವಡೆಯೇ ಹಿಂದಿದ್ದು ಮೇಲಿನ ಹಲ್ಲುಗಳು ಮುಂದೆ ಚಾಚಿವೆಯೋ ನೋಡಬೇಕು. ದವಡೆಯೇ ಹಿಂದಿದ್ದರೆ ಇಂಪ್ಲಾಂಟ್ ಆ ದೋಷವನ್ನು ಮುಚ್ಚುತ್ತದೆ, ಸರಿಪಡಿಸುವುದಿಲ್ಲ. ರಾತ್ರಿ ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟುವಂತಿದ್ದರೆ ಅದನ್ನೂ ಹೇಳಿ. ಇಂಪ್ಲಾಂಟ್‌ನಿಂದ ಉಸಿರಿನ ದಾರಿ ಒಂದಿಷ್ಟೂ ಅಗಲವಾಗುವುದಿಲ್ಲ.

ಫಿಲ್ಲರ್ ವಿಷಯ. ಹೈಅಲುರಾನಿಕ್ ಆಮ್ಲದ ಫಿಲ್ಲರ್ ಕೆಲವು ತಿಂಗಳುಗಳಿಂದ ಒಂದೆರಡು ವರ್ಷದೊಳಗೆ ಕರಗುತ್ತದೆ, ಬೇಡವೆನಿಸಿದರೆ ಕರಗಿಸುವ ಔಷಧವೂ ಇದೆ. ಅಷ್ಟರಮಟ್ಟಿಗೆ ಅನುಕೂಲ. ಆದರೆ ಮೂಳೆಗೆ ತಾಗುವಂತೆ ಮತ್ತೆ ಮತ್ತೆ ಚುಚ್ಚಿದವರಲ್ಲೂ ಮೂಳೆ ಸವೆದ ವರದಿಗಳಿವೆ. ರಕ್ತನಾಳದೊಳಗೆ ಹೋದರೆ ಚರ್ಮವೇ ಸಾಯುವ ಅಪಾಯವಿದೆ, ಬ್ಯೂಟಿ ಪಾರ್ಲರಿನಲ್ಲಿ ಹಾಕಿಸುವ ವಸ್ತು ಖಂಡಿತ ಅಲ್ಲ.

ಸ್ವಂತ ಮೂಳೆಯ ದಾರಿ ಈ ಎಲ್ಲಕ್ಕಿಂತ ಹಳೆಯದು. 1934ರಲ್ಲೇ ನ್ಯೂಯಾರ್ಕಿನ ಔಫ್ರಿಕ್ಟ್ ಮೂಗಿನಿಂದ ತೆಗೆದ ಗೂನಿನ ಮೂಳೆಯನ್ನೇ ಗದ್ದಕ್ಕೆ ಇಟ್ಟಿದ್ದರು. ಗದ್ದದ ಮೂಳೆಯನ್ನೇ ಕತ್ತರಿಸಿ ಸರಿಸುವ ವಿಧಾನವನ್ನು 1942ರಲ್ಲಿ ಹೋಫರ್ ವಿವರಿಸಿದರು, 1957ರಲ್ಲಿ ಟ್ರೌನರ್ ಮತ್ತು ಓಬ್‌ವೆಗೆಸರ್ ಅದನ್ನು ಬಾಯಿಯೊಳಗಿನಿಂದ ಮಾಡಿ ತೋರಿಸಿದರು. ಸರಿಸಿದ ತುಂಡಿಗೆ ಸ್ನಾಯು ಅಂಟಿಕೊಂಡೇ ಇರುವುದರಿಂದ ರಕ್ತ ಹರಿಯುತ್ತದೆ, ಟೈಟಾನಿಯಂ ಪ್ಲೇಟು, ಸ್ಕ್ರೂಗಳಿಂದ ಬಿಗಿದರೆ ಅದು ಕೂಡಿಕೊಳ್ಳುತ್ತದೆ. ಇಂಪ್ಲಾಂಟಿಗಿಂತ ದೊಡ್ಡ ಶಸ್ತ್ರಚಿಕಿತ್ಸೆ, ಪೂರ್ಣ ಅರಿವಳಿಕೆ ಬೇಕು, ಊತ ಹೆಚ್ಚು, ತುಟಿ ಮರಗಟ್ಟುವ ಸಂಭವವೂ ಹೆಚ್ಚು. ಹತ್ತೊಂಬತ್ತರ ಹುಡುಗನಿಗೆ ಅವಸರವೇನೂ ಇಲ್ಲ. ಮೊದಲು ಎಕ್ಸ್-ರೇ ಆಗಲಿ.

ಕಾವೇರಿ_ಕಣಿವೆ

ತುಂಬ ಉಪಕಾರವಾಯಿತು ಡಾಕ್ಟರೇ. ಮೇಲಿನ ಹಲ್ಲು ಮುಂದಿರುವುದು ನಿಜ. ಈ ವಾರವೇ ತೋರಿಸುತ್ತೇನೆ.

ಶರಾವತಿ_ತೀರ

ಸಿಬಿಸಿಟಿ ಆಯಿತು. ಸರ್ಕಾರಿ ದಂತ ಕಾಲೇಜಿನಲ್ಲಿ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಕರಿಗೂ, ಆಮೇಲೆ ಒಬ್ಬ ಪ್ಲಾಸ್ಟಿಕ್ ಸರ್ಜನ್ನರಿಗೂ ತೋರಿಸಿದೆ. ಇಂಪ್ಲಾಂಟ್ ಕೆಳ ಅಂಚಿನಿಂದ ಮೇಲಕ್ಕೆ ಸರಿದು ಓರೆಯಾಗಿದೆ. ಎಡ ರೆಕ್ಕೆಯ ತುದಿ ನರ ಹೊರಬರುವ ರಂಧ್ರಕ್ಕೆ ತಾಗುವಂತಿದೆ, ಜೋಮಿಗೆ ಅದೇ ಕಾರಣ ಎಂದರು. ಮೂಳೆಯಲ್ಲಿ ಇಂಪ್ಲಾಂಟಿನ ಅಚ್ಚು ಒತ್ತಿದಂತೆ ಗುಳಿ ಕಾಣುತ್ತದೆ. ಎರಡು ಹಲ್ಲುಗಳ ಬೇರಿನ ತುದಿಯ ಮೇಲೆ ಉಳಿದಿರುವುದು ತೀರಾ ತೆಳ್ಳನೆಯ ಪದರ. ಪರದೆಯ ಮೇಲೆ ಅದನ್ನು ದೊಡ್ಡದು ಮಾಡಿ ತೋರಿಸಿದಾಗ ಬಿಳಿ ಗೆರೆಯೊಂದು ಅಲ್ಲಲ್ಲಿ ಕಡಿದು ಹೋದಂತಿತ್ತು. ಹಲ್ಲುಗಳ ಪರೀಕ್ಷೆಯಲ್ಲಿ ಎಲ್ಲವೂ ಜೀವಂತವಾಗಿವೆ, ಒಂದು ಮಾತ್ರ ನಿಧಾನವಾಗಿ ಉತ್ತರಿಸುತ್ತಿದೆ.

ಇಬ್ಬರೂ ತೆಗೆಯಬೇಕು ಎನ್ನುತ್ತಾರೆ. ದವಡೆಯ ತಜ್ಞರು ತೆಗೆದು ಅದೇ ಸಲ ಸಣ್ಣ ಪ್ರಮಾಣದ ಜೀನಿಯೋಪ್ಲಾಸ್ಟಿ ಮಾಡೋಣ ಎನ್ನುತ್ತಾರೆ. ಪ್ಲಾಸ್ಟಿಕ್ ಸರ್ಜನ್ ಅಡಿಯಿಂದ ಕೊಯ್ದು, ಚಿಕ್ಕ ಇಂಪ್ಲಾಂಟನ್ನು ಸರಿಯಾದ ಜಾಗದಲ್ಲಿ ಇಟ್ಟು ಸ್ಕ್ರೂ ಹಾಕಿದರೆ ಸಾಕು ಎನ್ನುತ್ತಾರೆ. ಮೂಳೆ ಮತ್ತೆ ತುಂಬುವುದೇ ಎಂದು ಕೇಳಿದ್ದಕ್ಕೆ, ಒತ್ತಡ ಹೋದ ಮೇಲೆ ಸ್ವಲ್ಪ ಮಟ್ಟಿಗೆ ತುಂಬಿಕೊಳ್ಳಬಹುದು, ಪೂರ್ತಿ ಎಂದು ಮಾತು ಕೊಡಲಾಗದು ಎಂದು ಇಬ್ಬರೂ ಹೇಳಿದರು. ನಾನು ಯಾವುದನ್ನು ಆರಿಸಲಿ?

ಗಲ್ಫ್_ಕನ್ನಡಿಗ

ಮತ್ತೊಂದು ಇಂಪ್ಲಾಂಟ್ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ.

ದವಡೆ_ಶಸ್ತ್ರತಜ್ಞ

ನಿಮ್ಮನ್ನು ನೋಡದೆ ಇದೇ ಮಾಡಿ ಎನ್ನುವುದು ನನಗೆ ಸಲ್ಲದು. ಆ ಇಬ್ಬರ ಮಾತಿನ ಹಿಂದಿನ ತರ್ಕ ಮಾತ್ರ ಹೇಳುತ್ತೇನೆ. ಚಿಕ್ಕ ಇಂಪ್ಲಾಂಟ್ ಕೆಳ ಅಂಚಿನಲ್ಲಿ ಸ್ಕ್ರೂ ಹಾಕಿ ಕೂತರೆ ಮತ್ತೆ ಮೇಲಕ್ಕೆ ಹೋಗುವ ಸಾಧ್ಯತೆ ಕಡಿಮೆ, ಶಸ್ತ್ರಚಿಕಿತ್ಸೆಯೂ ಸಣ್ಣದು. ಆದರೆ ಈಗಿರುವ ಕವಚದ ಚೀಲವನ್ನು ಮುಚ್ಚಿ, ಕೆಳಗೆ ಹೊಸ ಜಾಗ ಮಾಡಬೇಕು, ಇಲ್ಲದಿದ್ದರೆ ಹೊಸದೂ ಹಳೆಯ ಚೀಲಕ್ಕೇ ಜಾರಬಹುದು. ಜೀನಿಯೋಪ್ಲಾಸ್ಟಿಯಲ್ಲಿ ಹೊರಗಿನ ವಸ್ತುವೆಂದರೆ ಪ್ಲೇಟು ಮತ್ತು ಸ್ಕ್ರೂ ಅಷ್ಟೆ, ಹಿಗ್ಗಿದ ಚರ್ಮಕ್ಕೂ ಸ್ನಾಯುವಿಗೂ ಮೂಳೆಯೇ ಆಸರೆ ಕೊಡುತ್ತದೆ. ನಿಮ್ಮಲ್ಲಿ ಗುಳಿ ಇರುವುದರಿಂದ ಕತ್ತರಿಸುವ ಗೆರೆಯನ್ನು ಬೇರಿನ ತುದಿಗಳಿಂದಲೂ ನರದ ರಂಧ್ರದಿಂದಲೂ ಸಾಕಷ್ಟು ಕೆಳಗೆ ಹಿಡಿಯಲು ಮೂಳೆ ಉಳಿದಿದೆಯೇ ಎಂದು ಸ್ಕ್ಯಾನಿನಲ್ಲೇ ಅಳೆಯಬೇಕು. ನರ ರಂಧ್ರಕ್ಕಿಂತ ಕೆಳಗೆ ಇಳಿದು ತಿರುಗಿ ಬರುವುದರಿಂದ ಸುಮಾರು 5 ಮಿಲಿಮೀಟರ್ ಅಂತರ ಬಿಡುವುದು ರೂಢಿ. ಅಳೆದಿದ್ದೀರಾ ಎಂದು ಅವರನ್ನೇ ಕೇಳಿ. ಅಷ್ಟು ಮೂಳೆ ಇದ್ದರೆ ನಾನು ಜೀನಿಯೋಪ್ಲಾಸ್ಟಿಯ ಕಡೆಗೇ ವಾಲುತ್ತೇನೆ.

ಮೈಸೂರು_ಓದುಗ

ಬೇರಿನ ಮೇಲೆ ತೆಳುಪದರ ಮಾತ್ರ ಉಳಿದಿದೆ ಎಂದ ಮೇಲೆ ನನ್ನದೂ ಅದೇ ಮಾತು, ತೆಗೆಸಿ. ಒಳ್ಳೆಯದಾಗಲಿ.

ಶರಾವತಿ_ತೀರ

ದವಡೆಯ ತಜ್ಞರು ಅಳೆದು ತೋರಿಸಿದರು, ಜಾಗವಿದೆಯಂತೆ. ಅವರಲ್ಲೇ ಮಾಡಿಸುವುದೆಂದು ನಿರ್ಧರಿಸಿದೆ. ಸ್ನಾಯುವನ್ನು ಎತ್ತಿ ಹೊಲಿಯುವ ಬಗ್ಗೆ ಕೇಳಿದಾಗ, ಕರಗುವ ದಾರದಲ್ಲಿ ಎರಡು ಪದರವಾಗಿ ಮುಚ್ಚುತ್ತೇವೆ, ಹೊರಗಿನಿಂದ ಕೆಲವು ದಿನ ಗದ್ದಕ್ಕೆ ಪಟ್ಟಿ ಹಾಕುತ್ತೇವೆ ಎಂದು ಚಿತ್ರ ಬರೆದು ವಿವರಿಸಿದರು. ನೇತ್ರಾವತಿಯವರೇ, ಆ ಪ್ರಶ್ನೆ ಕೇಳಲು ಹೇಳಿಕೊಟ್ಟದ್ದಕ್ಕೆ ಕೃತಜ್ಞತೆಗಳು. ಮನೆಗೆ ಬಂದ ಮೇಲೆ ಏನೇನು ಗಮನಿಸಬೇಕು?

ನೇತ್ರಾವತಿ_ದಡ

ಕೆಳತುಟಿಯನ್ನು ಎಳೆದು ಗಾಯ ನೋಡಿಕೊಳ್ಳುವ ಚಪಲ ಬರುತ್ತದೆ, ಅದನ್ನು ಮಾತ್ರ ಮಾಡಬೇಡಿ, ಹೊಲಿಗೆ ಬಿಚ್ಚುತ್ತದೆ. ಗಂಜಿ, ಮೆತ್ತಗಿನ ಮೊಸರನ್ನ ಆರಿದ ಮೇಲೆ ತಿನ್ನಿ; ಜೋಮು ಇರುವಾಗ ಬಿಸಿ ಕಾಫಿ ತುಟಿ ಸುಟ್ಟರೂ ಗೊತ್ತಾಗುವುದಿಲ್ಲ. ಊಟವಾದ ಮೇಲೆಲ್ಲ ಅವರು ಕೊಟ್ಟ ದ್ರಾವಣದಲ್ಲಿ ಮೆಲ್ಲಗೆ ಬಾಯಿ ಮುಕ್ಕಳಿಸಿ. ಮೊದಲ ತಿಂಗಳು ಕನ್ನಡಿ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ ಅಕ್ಕ, ಆಕಾರ ನಿಲ್ಲಲು ತಿಂಗಳುಗಳೇ ಬೇಕು.

ದಂತಬಂಧು

ಊತ ಇಳಿದ ಮೇಲೆ ಮತ್ತೆ ಹೆಚ್ಚಿದರೆ, ಬಾಯಲ್ಲಿ ಕೆಟ್ಟ ರುಚಿಯ ದ್ರವ ಬಂದರೆ, ಜ್ವರ ಬಂದರೆ ಕಾಯದೆ ಹೋಗಿ. ನಿಧಾನವಾಗಿ ಉತ್ತರಿಸುತ್ತಿರುವ ಆ ಹಲ್ಲಿಗೆ ಈಗಲೇ ರೂಟ್ ಕೆನಾಲ್ ಬೇಡ, ಕೆಲವು ತಿಂಗಳಿಗೊಮ್ಮೆ ಪರೀಕ್ಷಿಸುತ್ತಿರಲಿ. ಬಣ್ಣ ಕಂದಿದರೆ ಅಥವಾ ಬೇರಿನ ತುದಿಯಲ್ಲಿ ಎಕ್ಸ್-ರೇ ಕಪ್ಪು ತೋರಿಸಿದರೆ ಆಗ ಮಾಡಿಸಿ.

ವಕೀಲರ_ಕಟ್ಟೆ

ತೆಗೆದ ಇಂಪ್ಲಾಂಟನ್ನು ಎಸೆಯಲು ಬಿಡಬೇಡಿ. ಅದರ ಫೋಟೋ, ಅದರ ಮೇಲೆ ಅಚ್ಚಾಗಿರಬಹುದಾದ ಗುರುತು, ಆಪರೇಷನ್ ನೋಟಿನ ಪ್ರತಿ, ಹೊಸ ಪ್ಲೇಟು ಮತ್ತು ಸ್ಕ್ರೂಗಳ ಸ್ಟಿಕ್ಕರ್, ಇವೆಲ್ಲವನ್ನೂ ಡಿಸ್ಚಾರ್ಜ್ ಆಗುವ ದಿನವೇ ಕೇಳಿ ಪಡೆದು ಫೈಲಿನಲ್ಲಿಡಿ.